ಆಪ್ತವಾಕ್ಯವೂ ಶಿಲಾವಾಕ್ಯವೂ

ಗುರುವಾದವನು ಶಿಷ್ಯರಿಗೆ ನಾಡಿನ ಜಯವನ್ನು ಹೇಳಿ ಅಪಜಯವನ್ನು ಮರೆಮಾಚಬಹುದೆ? ಮರೆಮಾಚಿದರೆ ಅದು ದೇಶಾಭಿಮಾನವೆನಿಸುವುದೋ, ಅನೃತವೆನಿಸುವುದೋ? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಚರಿತ್ರೆಯನ್ನು ಬೋಧಿಸಿದ ನಾನು, ವೃತ್ತಿಯಲ್ಲಿದ್ದಾಗ ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡವನಲ್ಲ. ನಿವೃತ್ತನಾದ ಮೇಲೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಅದನ್ನು ನನ್ನ ಮುಂದಿಟ್ಟಳು.

ಅಂದು ನಾನು ಅವಳಿಗೆ ಐಹೊಳೆಯ ಮೇಗುಟಿ ಜಿನಾಲಯದ ಶಾಸನವನ್ನು ವಿವರಿಸುತ್ತಿದ್ದೆನು. ಕ್ರಿ.ಶ. 634ರಲ್ಲಿ ರವಿಕೀರ್ತಿಯು ರಚಿಸಿದ ಆ ಪ್ರಶಸ್ತಿಯಲ್ಲಿ ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನು ತನ್ನ ಹೆಸರಿನ ಹರ್ಷವನ್ನೇ ಕಳೆದುಕೊಳ್ಳುತ್ತಾನೆ. ಪಲ್ಲವರಾಜನು ಚಾಲುಕ್ಯಸೇನೆಯ ಧೂಳಿನಿಂದ ಕಳೆಗುಂದಿ ಕಾಂಚಿಯ ಕೋಟೆಯೊಳಗೆ ಅಡಗುತ್ತಾನೆ. ಈ ಶ್ಲೋಕಗಳನ್ನು ಹೇಳುವಾಗ ನನ್ನ ಧ್ವನಿಯು ಈಗಲೂ ಏರುವುದುಂಟು. ಹುಡುಗಿಯು ಕೇಳಿ ಸುಮ್ಮನಿದ್ದಳು. ಎರಡು ದಿನಗಳ ತರುವಾಯ ಅಂತರ್ಜಾಲದ ಗ್ರಂಥಭಂಡಾರವೊಂದರಿಂದ 1890ರಲ್ಲಿ ಹುಲ್ಟ್‌ಷ್ ಪಂಡಿತನು ಪ್ರಕಟಿಸಿದ ದಕ್ಷಿಣಭಾರತ ಶಾಸನಗಳ ಮೊದಲನೆಯ ಸಂಪುಟವನ್ನು ತೆರೆದು, ಕೂರಂ ತಾಮ್ರಶಾಸನವನ್ನು ತೋರಿಸಿದಳು. ಪಲ್ಲವ ನರಸಿಂಹವರ್ಮನು ಓಡುತ್ತಿದ್ದ ಪುಲಕೇಶಿಯ ಬೆನ್ನನ್ನೇ ಓಲೆಯಾಗಿಸಿ ಅದರ ಮೇಲೆ ವಿಜಯಾಕ್ಷರಗಳನ್ನು ಬರೆದನೆಂದು ಅದರಲ್ಲಿದೆ. “ತಾತ, ಇದು ನಿಮಗೆ ಗೊತ್ತಿರಲಿಲ್ಲವೆ?” ಎಂದಳು. ಗೊತ್ತಿತ್ತು. ಅದೇ ನನ್ನ ಕಷ್ಟ.

ನಾನು ಕಲಿತ ಪಾಠಶಾಲೆಯಲ್ಲಿ ಕಂಡುದನ್ನು ಕಂಡಂತೆ ಹೇಳುವವನೇ ಆಪ್ತನು, ಅವನ ಮಾತೇ ಪ್ರಮಾಣವು ಎಂದು ಕಲಿಸಿದ್ದರು. ರವಿಕೀರ್ತಿಯು ವಾತಾಪಿಯ ಪತನವನ್ನು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಅದು ಸುಮಾರು 642ರಲ್ಲಿ, ಅವನ ಶಾಸನವಾದ ಎಂಟು ವರ್ಷಗಳ ಮೇಲೆ ನಡೆಯಿತು. ಆದುದರಿಂದ ಅವನ ಮೌನವು ದೋಷವಲ್ಲ. ತಿಳಿದೂ ಸುಮ್ಮನಿದ್ದ ನನ್ನ ಮೌನವೇ ದೋಷವು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಎಳೆಯರ ಕೈಗೆ ಇಂತಹ ಮೂಲಗಳನ್ನು ಕೊಟ್ಟರೆ ಅವರು ಶ್ರದ್ಧೆಯನ್ನು ಕಳೆದುಕೊಂಡು ಸಂಶಯಾತ್ಮರಾಗುವರು, ಪುಸ್ತಕವೂ ಸುಳ್ಳು, ಗುರುವೂ ಸುಳ್ಳು ಎನ್ನುವರು. ಈ ಮಾತು ತಳ್ಳಿಹಾಕತಕ್ಕದ್ದಲ್ಲ. ಏಳೆಂಟು ವರ್ಷದ ಮಗುವಿಗೆ ಕಥೆಯೇ ಸಾಕು. ಅಧಿಕಾರಭೇದವೆಂಬುದು ವಿದ್ಯೆಯಲ್ಲಿಯೂ ಉಂಟು. ಆದರೆ ಪ್ರಶ್ನೆ ಮಾಡುವ ವಯಸ್ಸಿಗೆ ಬಂದವರಿಗೆ ಪೂರ್ವಪಕ್ಷವನ್ನು ಮುಚ್ಚಿಡುವುದು ನಮ್ಮ ಶಾಸ್ತ್ರಮರ್ಯಾದೆಯೇ ಅಲ್ಲ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲಲ್ಲವೆ ಸಿದ್ಧಾಂತಕ್ಕೆ ಬೆಲೆ?

ಮೂಲವನ್ನು ಕೊಟ್ಟುಬಿಟ್ಟರೆ ಸಾಲದು, ಅದನ್ನು ಓದುವ ಬಗೆಯನ್ನೂ ಕೊಡಬೇಕು. ನಾವಿಬ್ಬರೂ ಕುಳಿತು ವಿಚಾರಿಸಿದೆವು. ಕೂರಂ ಶಾಸನವನ್ನು ಬರೆಯಿಸಿದವನಾರು? ನರಸಿಂಹವರ್ಮನ ಮೊಮ್ಮಗನಾದ ಪರಮೇಶ್ವರವರ್ಮನು. ಅಜ್ಜನ ಕೀರ್ತಿಯನ್ನು ಹಾಡುವ ಮೊಮ್ಮಗನ ಮಾತು ಅದು. ಪುಲಕೇಶಿಯಂತೆಯೇ ಅವನೂ ಪ್ರಶಸ್ತಿಕಾರನನ್ನು ಇರಿಸಿಕೊಂಡವನು. ಹಾಗಾದರೆ ಎರಡೂ ಬರಿಯ ಜಂಬವೆ? ಅಲ್ಲ. ಬಾದಾಮಿಯ ಬಂಡೆಯ ಮೇಲೆ ನರಸಿಂಹವರ್ಮನ ಕಾಲದ ಶಾಸನವು, ಸವೆದಿದ್ದರೂ, ಇಂದಿಗೂ ಇದೆ. ರಾಜಧಾನಿಯು ಅವನ ಕೈಸೇರಿದ್ದು ಅದರಿಂದ ಸ್ಥಿರಪಡುತ್ತದೆ. ಬೆನ್ನಿನ ಮೇಲಿನ ಬರಹವು ಕವಿಯ ಉತ್ಪ್ರೇಕ್ಷೆ. ಬಂಡೆಯ ಮೇಲಿನ ಬರಹವು ಸಂಗತಿ. ಇವೆರಡರ ಭೇದವನ್ನು ಹುಡುಗಿಯು ತಾನೇ ಹೇಳಿದಳು. ಅವಳ ಶ್ರದ್ಧೆಯು ಕುಗ್ಗಲಿಲ್ಲ, ವಿವೇಕವು ಬೆಳೆಯಿತು.

ಇನ್ನೊಂದು ಸಂಗತಿಯನ್ನು ಅವಳಿಗೆ ತೋರಿಸುವ ಸರದಿಯು ನನ್ನದಾಯಿತು. ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಅದೇ ಚಾಲುಕ್ಯವಂಶದ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದನು. ಅಲ್ಲಿನ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಅವನದೊಂದು ಕನ್ನಡ ಶಾಸನವಿದೆ. ದೇವರ ಸೊತ್ತನ್ನು ಕಂಡು, ಅದನ್ನು ಅಪಹರಿಸದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ. ಇದೂ ರಾಜಶಾಸನವೇ, ಇದನ್ನೂ ಅದೇ ಕಣ್ಣಿನಿಂದ ನೋಡಬೇಕು. ಆದರೆ ಗೆದ್ದವನು ಕೊಳ್ಳೆಯನ್ನಲ್ಲದೆ ಕೊಳ್ಳೆಯನ್ನು ಬಿಟ್ಟುದನ್ನು ತನ್ನ ಕೀರ್ತಿಯೆಂದು ಕೆತ್ತಿಸಿದನೆಂಬುದಂತೂ ಕಲ್ಲಿನಲ್ಲಿ ಕಾಣುವ ಮಾತು.

ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. ವಾತಾಪಿಯು ಬಿದ್ದ ಕಥೆಯನ್ನು ಹೇಳದವನು ಈ ಔದಾರ್ಯದ ಹಿರಿಮೆಯನ್ನು ಹೇಗೆ ತಿಳಿಸಬಲ್ಲನು? ನೊಂದ ಮನೆತನವು ಕ್ಷಮಿಸಿತೆಂದರೆ ಅರ್ಥವುಂಟು. ನೋವೇ ಇಲ್ಲವೆಂದರೆ ಕ್ಷಮೆಯೂ ಇಲ್ಲ. ಸೋಲನ್ನು ಬಚ್ಚಿಟ್ಟು ನಾನು ನಾಡಿನ ಮಾನವನ್ನು ಕಾಯುತ್ತೇನೆಂದುಕೊಂಡಿದ್ದೆನು. ವಾಸ್ತವವಾಗಿ ಅದರ ಉತ್ತಮೋತ್ತಮವಾದ ಗುಣವನ್ನೇ ಶಿಷ್ಯರಿಂದ ಬಚ್ಚಿಟ್ಟಿದ್ದೆನು.

ಹಿಂದೆ ಈ ಸಂಪುಟಗಳನ್ನು ನೋಡಬೇಕಾದರೆ ದೊಡ್ಡ ಪಟ್ಟಣಗಳ ಪುಸ್ತಕಾಲಯಗಳಿಗೆ ಹೋಗಬೇಕಾಗಿತ್ತು. ನಮ್ಮ ಆಲಸ್ಯಕ್ಕೆ ಅದೊಂದು ನೆಪವಾಗಿತ್ತು. ಈಗ ಅವು ಹಳ್ಳಿಯ ಮನೆಯ ಜಗಲಿಗೂ ಬಂದಿವೆ. ನೆಪವು ಹೋಯಿತು, ಹೊಣೆಯು ಉಳಿಯಿತು. ನನ್ನ ಹಳೆಯ ಶಿಷ್ಯರಲ್ಲಿ ಈಗ ಉಪಾಧ್ಯಾಯರಾಗಿರುವವರು ಈ ಲೇಖನವನ್ನು ಓದಿದರೆ, ನಾನು ಅರ್ಧಕ್ಕೆ ಬಿಟ್ಟ ಪಾಠವನ್ನು ಅವರು ತಮ್ಮ ಮಕ್ಕಳಿಗೆ ಪೂರ್ತಿಯಾಗಿ ಹೇಳಲೆಂದು ಬೇಡುತ್ತೇನೆ.