ನಗೆ ಯಾರ ಪಕ್ಷ?

ದುಷ್ಟನನ್ನು ನಗೆಗೀಡು ಮಾಡಿದರೆ ದುಷ್ಟತನ ಕುಗ್ಗುವುದೆಂದು ನಾವು, ಸಾಹಿತ್ಯದ ಮೇಷ್ಟರುಗಳು, ಬಹುಕಾಲದಿಂದ ಪಾಠ ಹೇಳುತ್ತ ಬಂದಿದ್ದೇವೆ. 2023ರ ಡಿಸೆಂಬರಿನಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಟೆಲಿವಿಷನ್ ನಿರ್ಮಾಪಕ ನಾರ್ಮನ್ ಲಿಯರ್ ಈ ಪಾಠವನ್ನು ಕೋಟ್ಯಂತರ ಜನರ ಮುಂದೆ ಪರೀಕ್ಷೆಗೊಡ್ಡಿದಾತ.

1971ರ ಜನವರಿಯಲ್ಲಿ ಸಿ.ಬಿ.ಎಸ್.ನಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ಯ ಯಜಮಾನ ಆರ್ಚೀ ಬಂಕರ್. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ಮನೆ. ಇನ್ನಾರೂ ಕೂರಬಾರದ ಒಂದು ಕುರ್ಚಿ. ಕಪ್ಪುಜನ, ಯೆಹೂದ್ಯರು, ಹೆಂಗಸರು ಯಾರನ್ನೂ ಬಿಡದ ನಾಲಗೆ. ನಮ್ಮ ಪೂರ್ವಗ್ರಹಗಳು ಎಷ್ಟು ಅಸಂಬದ್ಧವೆಂಬುದನ್ನು ನಗೆಯ ಮೂಲಕ ತೋರಿಸುವುದೇ ಉದ್ದೇಶವೆಂದು ಸಂಸ್ಥೆಯವರು ಮೊದಲೇ ಅರಿಕೆ ಮಾಡಿಕೊಂಡರು. ಸತತ ಐದು ವರ್ಷ ಆ ದೇಶದಲ್ಲಿ ಅತ್ಯಂತ ಹೆಚ್ಚು ಜನ ನೋಡಿದ ಕಾರ್ಯಕ್ರಮ ಅದೇ.

ಆದರೆ ದ್ವೇಷಿಯನ್ನು ಮುದ್ದಾಗಿಸಿದರೆ ದ್ವೇಷವೂ ಮುದ್ದಾಗದೆ? ಕಾದಂಬರಿಗಾರ್ತಿ ಲಾರಾ ಹಾಬ್ಸನ್ ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಎತ್ತಿದ ಆಕ್ಷೇಪದ ತಿರುಳು ಇದು. 1974ರಲ್ಲಿ ವಿಡ್ಮಾರ್, ರೋಕೀಚ್ ಎಂಬ ವಿದ್ವಾಂಸರು ನೋಡುಗರನ್ನೇ ವಿಚಾರಿಸಿದರು. ಪೂರ್ವಗ್ರಹ ಹೆಚ್ಚಿದ್ದವರಲ್ಲಿ ಆರ್ಚೀಯನ್ನು ಮೆಚ್ಚುವವರೇ ಹೆಚ್ಚು!

ಹಾಗಾದರೆ ಲಿಯರ್ ಸೋತನೆ? ನನಗೆ ಹಾಗೆನ್ನಿಸದು. ಆರ್ಚೀಯಲ್ಲಿ ಆತನ ಸ್ವಂತ ತಂದೆಯ ಛಾಯೆಯಿದೆ: ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ಸೆರೆಮನೆ ಸೇರಿದ ತಂದೆ. ಅಂಥವನನ್ನು ರಾಕ್ಷಸನಾಗಿ ಚಿತ್ರಿಸಿದ್ದರೆ ನೋಡುಗ ನಿಶ್ಚಿಂತನಾಗಿ ಮಲಗುತ್ತಿದ್ದ. ರಾಕ್ಷಸರು ಯಾರ ಮನೆಯಲ್ಲಿದ್ದಾರೆ? ದ್ವೇಷದ ಮಾತನ್ನು ನಾವೆಲ್ಲ ಮೊದಲು ಕೇಳುವುದು ನಮ್ಮನ್ನು ಎತ್ತಿ ಆಡಿಸಿದವರ ಬಾಯಿಂದಲೇ.

ಒಂದೆಡೆ ಮಾತ್ರ ನಾನು ಆಕ್ಷೇಪಿಸಿದವರ ಪಕ್ಷ. 1974ರಲ್ಲಿ ಲಿಯರ್ ಆರಂಭಿಸಿದ ‘ಗುಡ್ ಟೈಮ್ಸ್’ ಷಿಕಾಗೋದ ಬಡ ಕಪ್ಪು ಕುಟುಂಬವೊಂದರ ಕಥೆ. ತಾಯಿಯ ಪಾತ್ರ ವಹಿಸಿದ ಎಸ್ತರ್ ರೋಲ್, ಆ ಮನೆಯಲ್ಲಿ ತಂದೆಯೂ ಇರಲೇಬೇಕೆಂದು ಹಟ ಹಿಡಿದು ಗೆದ್ದಳು. ಬರಬರುತ್ತ ಹಿರಿಯ ಮಗ ಜೆ.ಜೆ.ಯ ಕೋಡಂಗಿತನಕ್ಕೆ ಚಪ್ಪಾಳೆ ಬಿದ್ದಿತು. ಬರೆಯುವವರು ಅದನ್ನೇ ಬೆಳೆಸಿದರು. ಇಲ್ಲಿ ನಗೆ ಬಿದ್ದುದು ಪೂರ್ವಗ್ರಹದ ಮೇಲಲ್ಲ, ಪೂರ್ವಗ್ರಹಕ್ಕೆ ತುತ್ತಾದವನ ಮೇಲೆ. ತಂದೆಯ ಪಾತ್ರಧಾರಿ ಜಾನ್ ಏಮೋಸ್ ಇದಕ್ಕೆ ಬೇಸತ್ತು ಜಗಳವಾಡಿದ. 1976ರಲ್ಲಿ ಅವನನ್ನು ಕೈಬಿಟ್ಟು, ಕಥೆಯಲ್ಲಿ ತಂದೆಯನ್ನು ಸಾಯಿಸಿದರು. ಮರುವರ್ಷ ರೋಲ್ ಕೂಡ ಹೊರಟುಹೋದಳು. 1978ರಲ್ಲಿ ಆಕೆ ಮರಳಿದುದು, ಜೆ.ಜೆ.ಯನ್ನು ಮನುಷ್ಯನನ್ನಾಗಿ ಮಾಡಬೇಕೆಂಬ ಕರಾರಿನ ಮೇಲೆ.