ದಾರಿ ಬಿಡುವುದು ದಾನವಲ್ಲ

ಇಂದಿನ ಚಿಂತನೆ ರಸ್ತೆಯ ಮೇಲಿನ ಬಿಳಿ ಪಟ್ಟೆಗಳ ಬಗ್ಗೆ.

ಸಾಲ ತೀರಿಸಿದವನು 'ದಾನ ಮಾಡಿದೆ' ಎಂದರೆ ನಗುತ್ತೇವೆ. ರಸ್ತೆಯಲ್ಲಿ ಮಾತ್ರ ಹಾಗೇ ಮಾಡುತ್ತೇವೆ. ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಬಸ್ಸಿಳಿದ ಅಜ್ಜಿ ಕೈ ಮೇಲೆತ್ತಿ, ಬೇಡಿಕೊಳ್ಳುವವರ ಹಾಗೆ ನಿಂತಿರುತ್ತಾರೆ. ಬೈಕು ನಿಂತರೆ 'ಪುಣ್ಯಾತ್ಮ' ಎಂದು ಹರಸುತ್ತಾರೆ. ನಿಲ್ಲಿಸಿದವನಿಗೂ ದೊಡ್ಡ ಉಪಕಾರ ಮಾಡಿದ ಸಮಾಧಾನ.

ಕಾನೂನು ಹೇಳುವುದೇ ಬೇರೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಆಗಲಿ ಪೊಲೀಸರಾಗಲಿ ಇಲ್ಲದ ಜೀಬ್ರಾ ಕ್ರಾಸಿಂಗ್ ಹತ್ತಿರ ಬಂದಾಗ ಚಾಲಕ ವೇಗ ತಗ್ಗಿಸಬೇಕು. ನಿಂತು, ನಡೆಯುವವರಿಗೂ ಗಾಲಿಕುರ್ಚಿಯಲ್ಲಿ ಹೋಗುವವರಿಗೂ ದಾರಿ ಬಿಡಬೇಕು. ಮುಂದಿನ ವಾಹನಗಳು ನಿಂತಿದ್ದರೆ ಪಟ್ಟೆಗಳಿಗೆ ಅಡ್ಡವಾಗಿ ಗಾಡಿ ನಿಲ್ಲಿಸಲೂ ಬಾರದು. ಅಂದರೆ ಅಲ್ಲಿ ಮೊದಲ ಸರದಿ ಅಜ್ಜಿಯದೇ.

ರಸ್ತೆ ಎಂದ ಕೂಡಲೇ ನಮಗೆ ಪಂಚಶೀಲದ ಮೊದಲನೆಯದು ನೆನಪಾಗುತ್ತದೆ: ಪ್ರಾಣಹಿಂಸೆ ಬೇಡ. ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಹಗುರಾಗುತ್ತೇವೆ. ಎರಡನೆಯದನ್ನೂ ನೆನೆಯೋಣ. ಪಾಲಿಯಲ್ಲಿ 'ಅದಿನ್ನಾದಾನ' ಎಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಹಾರ್ನ್ ಬಾರಿಸಿ ಅಜ್ಜಿಯನ್ನು ಹಿಂದೆ ಸರಿಸಿ ಹೋದವನು, ಅವರು ಕೊಡದ ಸರದಿಯನ್ನು ತೆಗೆದುಕೊಂಡ. ಯಾರ ಮೈಗೂ ಗೀರು ಬೀಳದಿದ್ದರೂ ಶೀಲ ಅಲ್ಲೇ ಮುರಿಯಿತು. ನಿಂತವನು ಅವರದನ್ನು ಅವರಿಗೆ ಬಿಟ್ಟುಕೊಟ್ಟ, ಅಷ್ಟೆ. ಅದನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುವ ಹಾಗಿಲ್ಲ.

'ನಾನು ನಿಂತರೆ ಹಿಂದಿನವನು ಪಕ್ಕದಿಂದ ನುಗ್ಗುತ್ತಾನೆ, ದಾಟುವವರಿಗೇ ಅಪಾಯ' ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಅದಕ್ಕೇ ದೂರದಿಂದಲೇ ನಿಧಾನಿಸಬೇಕು, ಹಿಂದಿನವರಿಗೆ ಕೈ ತೋರಿಸಬೇಕು. ದಾಟುವವರೂ ಮೊಬೈಲ್ ಕೆಳಗಿಳಿಸಿ ಎರಡೂ ಕಡೆ ನೋಡಬೇಕು. ಇದೇ ಅಪ್ಪಮಾದ, ಅಂದರೆ ಎಚ್ಚರ. ಪರಿನಿಬ್ಬಾಣದ ಗಳಿಗೆಯಲ್ಲೂ ಭಗವಾನರು ಭಿಕ್ಷುಗಳಿಗೆ ನೆನಪಿಸಿದ್ದು ಇದನ್ನೇ.

ಪಟ್ಟೆ ಮಾಸಿಹೋದ, ಪಟ್ಟೆಯೇ ಇಲ್ಲದ ಕಡೆ ಏನು ಮಾಡುವುದು? ನಡೆಯುವವರು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಸುರಕ್ಷತೆಗೆ ಚಾಲಕ ವಿಶೇಷ ಎಚ್ಚರ ವಹಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಈ ಮಾತಿಗೆ ಬಣ್ಣದ ಗೆರೆ ಬೇಕಿಲ್ಲ.

ಇಂದಿನ ಅಭ್ಯಾಸ: ಹೊನ್ನಾಳಿ, ನ್ಯಾಮತಿ, ನಾವಿರುವ ಯಾವ ಊರಾದರೂ ಸರಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಗಾಡಿ ನಿಲ್ಲಿಸೋಣ. ಕೊನೆಯ ಮಗು ದಾಟುವವರೆಗೆ ಹಾರ್ನ್ ಮೇಲೆ ಬೆರಳಿಡದೆ ಉಸಿರನ್ನು ಗಮನಿಸೋಣ. ಯಾರೂ ಥ್ಯಾಂಕ್ಸ್ ಹೇಳದಿದ್ದರೆ ಬೇಸರ ಬೇಡ. ದಾರಿ ಅವರದೇ ಆಗಿತ್ತು.

ಎಲ್ಲರಿಗೂ ಮಂಗಳವಾಗಲಿ.