ಹೊಸದಾಗಿ ಕಟ್ಟಿದ ಹಾಳು

ಇಂಗ್ಲೆಂಡಿನ ವಿಂಡ್ಸರ್ ಗ್ರೇಟ್ ಪಾರ್ಕಿನ ದಕ್ಷಿಣ ಅಂಚಿನಲ್ಲಿ ವರ್ಜೀನಿಯಾ ವಾಟರ್ ಎಂಬ ಕೆರೆಯಿದೆ. ಒಡ್ಡು ಕಟ್ಟಿ ಮಾಡಿದ 18ನೇ ಶತಮಾನದ ಕೆರೆ. ಅದರ ದಡದಲ್ಲಿ, ಮರಗಳ ನಡುವೆ, ಪಾಳುಬಿದ್ದ ರೋಮನ್ ದೇಗುಲವೊಂದು ಕಾಣುತ್ತದೆ. ಕೆಲವು ಕಂಬಗಳ ತಲೆಯ ಮೇಲೆ ಬೋದಿಗೆ ಉಂಟು, ಕೆಲವು ಬೋಳು, ಕೆಲವು ಮುರಿದಿವೆ. ಅಸಲಿಗೆ ಅಲ್ಲಿ ಯಾವ ದೇಗುಲವೂ ಇದ್ದದ್ದಿಲ್ಲ. ಹಾಳು ಹೇಗೆ ಕಾಣಬೇಕು ಎಂಬುದನ್ನು ದೊರೆ ನಾಲ್ಕನೇ ಜಾರ್ಜ್‌ನ ವಾಸ್ತುಶಿಲ್ಪಿ ಜೆಫ್ರಿ ವ್ಯಾಟ್‌ವಿಲ್ 1820ರ ದಶಕದಲ್ಲಿ ಗೊತ್ತುಮಾಡಿದ. ‘ಅಗಸ್ಟಸ್ ದೇವಾಲಯ’ ಎಂಬ ಹೆಸರೂ ಬಂತು.

ಕಲ್ಲು ಮಾತ್ರ ಅಪ್ಪಟ ರೋಮನ್. ಲಿಬಿಯಾದ ಕಡಲತಡಿಯ ಲೆಪ್ಟಿಸ್ ಮ್ಯಾಗ್ನಾ ನಗರದ್ದು. ಅಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್ 193ರಲ್ಲಿ ರೋಮಿನ ಚಕ್ರವರ್ತಿಯಾಗಿ, ಈಜಿಪ್ಟಿನ ಗ್ರಾನೈಟು, ಗ್ರೀಸಿನ ಅಮೃತಶಿಲೆ ತರಿಸಿ ತವರನ್ನು ಮೆರೆಸಿದ. ಅವನು ಸತ್ತದ್ದು 211ರಲ್ಲಿ, ಇಂಗ್ಲೆಂಡಿನ ಯಾರ್ಕಿನಲ್ಲಿ. ಅವನ ಊರಿನ ಕಲ್ಲುಗಳು ಅದೇ ನಾಡಿಗೆ ಬರಲು ಇನ್ನೂ 1,600 ವರ್ಷ ಹಿಡಿಯಿತು.

1816ರಲ್ಲಿ ಟ್ರಿಪೋಲಿಯ ಬ್ರಿಟಿಷ್ ಕಾನ್ಸಲ್ ವಾರಿಂಗ್ಟನ್ ಲೆಪ್ಟಿಸ್‌ನ ಕಲ್ಲು ಕೊಡುವಂತೆ ಅಲ್ಲಿನ ಆಡಳಿತಗಾರ ಪಾಷಾನನ್ನು ಒಪ್ಪಿಸಿದ. ಆಗಿನ್ನೂ ಯುವರಾಜನಾಗಿದ್ದ ಜಾರ್ಜ್‌ಗೆ ಕಾಣಿಕೆ ಎಂಬ ನೆಪ. ಗ್ರಾನೈಟಿನ 22 ಕಂಬ, ಅಮೃತಶಿಲೆಯ 15 ಕಂಬ, ಜೊತೆಗೆ ಪೀಠ, ಬೋದಿಗೆ, ಶಾಸನದ ಚಪ್ಪಡಿ ಹಡಗೇರಿದವು. ಏರಿಸಲಾಗದ ಮೂರು ಕಂಬ ತೀರದಲ್ಲೇ ಉಳಿದವು. ಇಷ್ಟೆಲ್ಲ ಪಾಡುಪಟ್ಟು ತಂದದ್ದು ಬ್ರಿಟಿಷ್ ಮ್ಯೂಸಿಯಂ ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಕಾಣಿಕೆಗಳ ಪಾಡು ಬಹುತೇಕ ಹೀಗೇ.

ಕಲ್ಲು ಸಾಗಿಸುವಾಗ ಲೆಪ್ಟಿಸ್‌ನ ಸುತ್ತಲಿನ ಜನ ತಕರಾರು ತೆಗೆದಿದ್ದರು. ಹಾಳೂರಿನ ಕಲ್ಲು ಅವರಿಗೆ ತಲೆಮಾರುಗಳಿಂದ ಕಟ್ಟಡದ ಸಾಮಗ್ರಿ. ಪುರಾತನವನ್ನು ಉಳಿಸುವ ಹಂಬಲ ಅವರದಾಗಿರಲಿಲ್ಲ, ನಿಜ. ಆದರೂ ನಾನು ಅವರ ಪಕ್ಷ. ಮೊದಲೇ ಹೊರಗಿನಿಂದ ಬಂದ ಕಲ್ಲು, ಎಲ್ಲಿದ್ದರೇನು ಎಂಬ ವಾದ ನಿಲ್ಲುವುದಿಲ್ಲ. ಸೆವೆರಸ್ ಅದನ್ನು ತರಿಸಿದ್ದು ಜನ ಬಾಳುತ್ತಿದ್ದ ಊರಿಗೆ. ಹಳ್ಳಿಯವರ ಮಾತು ನಡೆದಿದ್ದರೆ ಆ ಕಲ್ಲು ಯಾರದೋ ಮನೆಯ ಗೋಡೆ ಸೇರುತ್ತಿತ್ತು. ಯಾವ ಮಾಡನ್ನೂ ಹೊರದ ಈಗಿನ ಕಂಬಗಳ ನಡುವೆ ರಸ್ತೆಯೊಂದು ಸೇತುವೆಯ ಮೇಲೆ ಹಾದುಹೋಗುತ್ತದೆ.